ಪಾದ್ರಿಯ ಆಫ್ರಿಕಾ, ನಾಗವಲ್ಲಿಯ ಕೋಣೆ

ಕಳೆದ ವಾರದ ಅಂಕಣ ಓದಿ ಹಳಿಯಾಳದ ಓದುಗರೊಬ್ಬರು ಫೋನ್ ಮಾಡಿದ್ದರು. "ಹಾರರ್ ಪ್ರೀಕ್ವೆಲ್ ಅಂದ್ರ ನಿಮಗ್ಯಾಕ್ರೀ ಅಷ್ಟು ಸಿಟ್ಟು? ದೆವ್ವದ ಕಥಿ ಹೆಂಗ ಶುರುವಾತು ಅಂತ ತಿಳ್ಕೊಂಡ್ರ ತಪ್ಪೇನೈತಿ?" ಪ್ರಶ್ನೆ ನೇರವಾಗಿದೆ, ಉತ್ತರವನ್ನೂ ನೇರವಾಗಿಯೇ ಕೊಡುತ್ತೇನೆ. ತಿಳಿದುಕೊಂಡರೆ ತಪ್ಪಿಲ್ಲ. ಆದರೆ ತಿಳಿದ ಮೇಲೆ ಹೆದರಿಕೆ ಉಳಿಯುವುದಿಲ್ಲ. ಹೆದರಲೆಂದೇ ಟಿಕೆಟ್ ತೆಗೆಸಿದವನಿಗೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

2004ರ ಆಗಸ್ಟ್ 20ರಂದು ಅಮೆರಿಕದಲ್ಲಿ 'ಎಕ್ಸಾರ್ಸಿಸ್ಟ್: ದಿ ಬಿಗಿನಿಂಗ್' ತೆರೆಕಂಡಿತು. 1973ರ 'ದಿ ಎಕ್ಸಾರ್ಸಿಸ್ಟ್' ಚಿತ್ರದ ಮುದಿ ಪಾದ್ರಿ ಮೆರಿನ್ ಪ್ರಾಯದಲ್ಲಿ ಏನು ಮಾಡಿದ್ದ ಎಂಬುದು ಅದರ ಕಥೆ. ಆ ಸಿನಿಮಾ ಹುಟ್ಟಿದ ಬಗೆ ಪರದೆಯ ಮೇಲಿನ ಕಥೆಗಿಂತ ವಿಚಿತ್ರ. ಮೊದಲು ನಿರ್ದೇಶಿಸಬೇಕಿದ್ದ ಜಾನ್ ಫ್ರಾಂಕನ್‌ಹೈಮರ್ ಅನಾರೋಗ್ಯದಿಂದ ಹಿಂದೆ ಸರಿದರು, 2002ರಲ್ಲಿ ತೀರಿಕೊಂಡರು. ಪಾಲ್ ಶ್ರೇಡರ್ ಬಂದು ಇಡೀ ಚಿತ್ರ ತೆಗೆದರು. ನೋಡಿದ ನಿರ್ಮಾಪಕರು, ಇದರಲ್ಲಿ ಹೆದರಿಸುವುದು ಸಾಲದು ಎಂದು ಅದನ್ನು ಮೂಲೆಗಿಟ್ಟು, ರೆನ್ನಿ ಹಾರ್ಲಿನ್‌ರನ್ನು ಕರೆಸಿ ಹೆಚ್ಚುಕಡಿಮೆ ಪೂರ್ತಿ ಮತ್ತೆ ಚಿತ್ರೀಕರಿಸಿದರು. ಮೆರಿನ್ ಪಾತ್ರಕ್ಕೆ ಎರಡರಲ್ಲೂ ಸ್ಟೆಲನ್ ಸ್ಕಾರ್ಸ್‌ಗಾರ್ಡ್, ಕ್ಯಾಮೆರಾಕ್ಕೆ ಎರಡರಲ್ಲೂ ವಿಟೋರಿಯೊ ಸ್ಟೊರಾರೊ.

ಹಳೆಯ ಹೆಸರಿನ ಬಲದಿಂದ ಮೊದಲ ವಾರಾಂತ್ಯ ಜನ ಮುಗಿಬಿದ್ದರು, ಆಮೇಲೆ ಇಳಿಮುಖ. ವಿಮರ್ಶಕರು ಚಿತ್ರವನ್ನು ಜಾಲಾಡಿಬಿಟ್ಟರು. ಕಂಪ್ಯೂಟರಿನಲ್ಲಿ ಹುಟ್ಟಿದ ಕತ್ತೆಕಿರುಬಗಳನ್ನು ಕಂಡು ಹೆದರಬೇಕಾದಲ್ಲಿ ಪ್ರೇಕ್ಷಕರು ನಕ್ಕರು. ವರ್ಷದ ಕೆಟ್ಟ ಚಿತ್ರಗಳಿಗೆ ಕೊಡುವ ರಾಝಿ ಪ್ರಶಸ್ತಿಗೆ ಹಾರ್ಲಿನ್ ನಾಮನಿರ್ದೇಶನಗೊಂಡರು. ಕೊನೆಗೆ 2005ರಲ್ಲಿ ಶ್ರೇಡರ್ ಆವೃತ್ತಿಯೂ 'ಡೊಮಿನಿಯನ್' ಎಂಬ ಹೆಸರಲ್ಲಿ ಹೊರಬಂತು. ರೋಜರ್ ಎಬರ್ಟ್ ಅದಕ್ಕೆ ನಾಲ್ಕರಲ್ಲಿ ಮೂರು ನಕ್ಷತ್ರ ಕೊಟ್ಟರು. ಗಂಭೀರ ಚಿತ್ರ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದೂ ಹೆದರಿಸಲಿಲ್ಲ.

ಯಾಕೆ? ಮೂಲ ಚಿತ್ರದಲ್ಲಿ ಮೆರಿನ್‌ನ ಪೂರ್ವಾಪರ ಎಲ್ಲಿದೆ ಎಂದು ಹುಡುಕಿ ನೋಡಿ. ಒಂದು ಕೋಣೆಯಲ್ಲಿ ಇಬ್ಬರು ಪಾದ್ರಿಗಳು ಮಾತಾಡಿಕೊಳ್ಳುತ್ತಾರೆ: ಹಿಂದೊಮ್ಮೆ ಆಫ್ರಿಕಾದಲ್ಲಿ ಆತ ಭೂತ ಬಿಡಿಸಿದ್ದನಂತೆ, ತಿಂಗಳುಗಟ್ಟಲೆ ನಡೆಯಿತಂತೆ, ಅವನ ಜೀವಕ್ಕೇ ಬಂದಿತ್ತಂತೆ. ಅಷ್ಟೇ. ಅಂತೆಕಂತೆಯ ಎರಡು ಮೂರು ಮಾತು. ಆ ಮಾತು ಕೇಳಿ ನಾವೇ ಒಂದು ಆಫ್ರಿಕಾ ಕಟ್ಟಿಕೊಂಡೆವು. ಎರಡೆರಡು ಸಿನಿಮಾ ತೆಗೆದು ಆ ಆಫ್ರಿಕಾವನ್ನು ನಮ್ಮ ಕೈಯಿಂದ ಕಿತ್ತುಕೊಂಡರು.

ಮೂಲ ಚಿತ್ರದ ಇರಾಕಿನ ಆರಂಭವನ್ನು ಇಲ್ಲಿ ಮತ್ತೆ ನೆನೆಯಲೇಬೇಕು. ಬಿಸಿಲು, ಧೂಳು, ಉತ್ಖನನದ ಹೊಂಡ. ಮಣ್ಣಿನೊಳಗಿನಿಂದ ಒಂದು ಸಣ್ಣ ವಿಕಾರ ತಲೆ ಮೆರಿನ್‌ನ ಕೈಗೆ ಸಿಗುತ್ತದೆ. ಚಹಾದಂಗಡಿಯಲ್ಲಿ ಕೂತು ಮಾತ್ರೆ ನುಂಗುವಾಗ ಕೈ ನಡುಗುತ್ತದೆ. ಬೀದಿಯಲ್ಲಿ ಕಮ್ಮಾರರು ಕಬ್ಬಿಣ ಬಡಿಯುತ್ತಿದ್ದಾರೆ, ಅವರಲ್ಲೊಬ್ಬ ಮುಖ ಎತ್ತಿದರೆ ಒಂದು ಕಣ್ಣು ಬೆಳ್ಳಗೆ. ವಸ್ತುಗಳನ್ನು ಜೋಡಿಸಿಟ್ಟ ಕಚೇರಿಯಲ್ಲಿ ಗೋಡೆ ಗಡಿಯಾರದ ಲೋಲಕ ತಟ್ಟನೆ ನಿಲ್ಲುತ್ತದೆ. ಕೊನೆಗೆ ಪಾಳುಬಿದ್ದ ಊರಿನಲ್ಲಿ ಎರಡು ನಾಯಿಗಳು ಕಚ್ಚಾಡುತ್ತಿರುವಾಗ, ರೆಕ್ಕೆಯ ವಿಗ್ರಹ ಒಂದು ಕಡೆ, ಮುದುಕ ಇನ್ನೊಂದು ಕಡೆ, ಎದುರುಬದುರು. ಯಾರೂ ಏನನ್ನೂ ವಿವರಿಸುವುದಿಲ್ಲ. ಇವರಿಬ್ಬರಿಗೂ ಹಳೆಯ ಲೆಕ್ಕ ಬಾಕಿ ಇದೆ ಎಂಬುದು ಮಾತ್ರ ಎದೆಗೆ ತಾಗುತ್ತದೆ. ಮೆರಿನ್ ಆಗಿದ್ದ ಮ್ಯಾಕ್ಸ್ ವಾನ್ ಸಿಡೋಗೆ ಆಗ ಇನ್ನೂ ನಲವತ್ತರ ಆಸುಪಾಸು. ಆ ಮುಪ್ಪು ಡಿಕ್ ಸ್ಮಿತ್ ಮಾಡಿದ ಮೇಕಪ್ಪು.

'ಲಾಜಿಕ್ ಎಲ್ಲಿದೆ?' ಎಂದು ಕೇಳುವ ವಿಮರ್ಶಕ ಬಳಗದ ಜೊತೆ ನನ್ನ ಜಗಳ ಹಳೆಯದು, ಓದುಗರಿಗೆ ಗೊತ್ತು. ದೆವ್ವಕ್ಕೆ ಕಾರಣ ಬೇಕು, ಸೇಡಿಗೆ ಫ್ಲ್ಯಾಶ್‌ಬ್ಯಾಕ್ ಬೇಕು, ಎಲ್ಲ ಗಂಟೂ ಬಿಚ್ಚಬೇಕು ಎಂದು ಇವರು ಅಂಕ ಕಳೆದು ಕಳೆದು ಗಾಂಧಿನಗರವನ್ನು ಹಾಳುಮಾಡಿದರು. ಈಗ ನಮ್ಮ ಪ್ರತಿ ಹಾರರ್ ಚಿತ್ರದ ದ್ವಿತೀಯಾರ್ಧದಲ್ಲಿ ಅರ್ಧ ಗಂಟೆ ಅನ್ಯಾಯವಾಗಿ ಸತ್ತವಳ ಜೀವನಚರಿತ್ರೆ. ಆ ಅರ್ಧ ಗಂಟೆಯಲ್ಲಿ ಯಾರಾದರೂ ಬೆವತದ್ದನ್ನು ನಾನಂತೂ ಕಂಡಿಲ್ಲ.

ಅಮೆರಿಕದಲ್ಲಿ ಆ ಪ್ರೀಕ್ವೆಲ್ ಬಂದ ಮರುವಾರವೇ, ಆಗಸ್ಟ್ 27ಕ್ಕೆ, ನಮ್ಮಲ್ಲಿ 'ಆಪ್ತಮಿತ್ರ' ಬಂತು. ಮಲಯಾಳಂನ 'ಮಣಿಚಿತ್ರತ್ತಾಳ್' (1993) ಅದರ ಮೂಲ, ದ್ವಾರಕೀಶ್ ನಿರ್ಮಾಣ, ಪಿ. ವಾಸು ನಿರ್ದೇಶನ. ಅದರಲ್ಲಿ ಗಂಗಾ ಆಗಿದ್ದ ಸೌಂದರ್ಯ ಅದೇ ವರ್ಷದ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಅವರೇ ಪರದೆಯ ಮೇಲೆ ಗಂಡನ ಎದುರು ದನಿ ಬದಲಿಸಿ ಮಂಚ ಎತ್ತಿದಾಗ ಹುಬ್ಬಳ್ಳಿಯ ಟಾಕೀಸಿನಲ್ಲಿ ಸೀಟಿ ಹೊಡೆಯುತ್ತಿದ್ದ ಹುಡುಗರು ಗಪ್ಪಾದದ್ದು ನನಗೆ ನೆನಪಿದೆ. ಗಂಗಾಳ ಮೈಮೇಲೆ ಬಂದ ನಾಗವಲ್ಲಿಯ ಬಗ್ಗೆ ಆ ಚಿತ್ರ ಹೇಳಿದ್ದು ಎಷ್ಟು? ನರ್ತಕಿ, ಅವಳ ಪ್ರಿಯಕರ, ಕ್ರೂರಿ ರಾಜ. ಒಂದು ಹಾಡಿನಲ್ಲಿ ಮುಗಿಯುವಷ್ಟು. ಮೇಲಾಗಿ ಅದು ಗಂಗಾಳ ಮನಸ್ಸಿನೊಳಗಿನ ರೋಗವೆಂದು ಡಾಕ್ಟರ್ ಹೇಳಿದರೂ ಗೆಜ್ಜೆ ಸಪ್ಪಳ ಮಾತ್ರ ಮನೆಯವರೆಗೆ ಬಂತು.

2010ರ 'ಆಪ್ತರಕ್ಷಕ'ದಲ್ಲಿ ಆ ರಾಜ ಇನ್ನೂ ಬದುಕಿದ್ದಾನೆ ಎಂದರು. ವಿಷ್ಣುವರ್ಧನ್ ಅವರ ಇನ್ನೂರನೆಯ ಚಿತ್ರ, ಅವರು ತೀರಿಕೊಂಡ ಮೇಲೆ ಬಂದದ್ದು. ಜನ ಕಣ್ಣೀರಿಟ್ಟು ನೋಡಿದರು, ಅದು ಗೆದ್ದದ್ದು ಸರಿಯೇ. ಗೆದ್ದದ್ದು ವಿಷ್ಣು, ಹೆದರಿಕೆ ಅಲ್ಲ. ಅದೇ ವಾಸು 2023ರಲ್ಲಿ ತಮಿಳಿನಲ್ಲಿ ಇದೇ ಕಥೆಯ ಎಳೆ ಹಿಡಿದು 'ಚಂದ್ರಮುಖಿ 2' ಮಾಡಿ ರಾಜನ ಪೂರ್ವಕಥೆಯನ್ನು ಇನ್ನಷ್ಟು ಬಗೆದರು. ಕಂಗನಾ ರನೌತ್, ರಾಘವ ಲಾರೆನ್ಸ್, ಕೀರವಾಣಿ ಸಂಗೀತ, ಯಾವುದಕ್ಕೂ ಕೊರತೆಯಿರಲಿಲ್ಲ. ವಿಮರ್ಶಕರೂ ಒಪ್ಪಲಿಲ್ಲ, ಪ್ರೇಕ್ಷಕರೂ ಕೈಹಿಡಿಯಲಿಲ್ಲ. ನಾಗವಲ್ಲಿಯ ಕೋಣೆಯ ಬೀಗ ಮೊದಲೇ ತೆಗೆದಾಗಿತ್ತು, ಒಳಗಿನ ಪೆಟ್ಟಿಗೆ ಸಾಮಾನನ್ನೂ ಹೊರಗೆ ಹರವಿದರು.

ಹಾಗಾದರೆ 'ಕಾಂತಾರ: ಅಧ್ಯಾಯ 1' ಕೂಡ ಪ್ರೀಕ್ವೆಲ್ ಅಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಿದೆ. ಅದನ್ನು ಈ ಸಾಲಿಗೆ ಸೇರಿಸಬೇಡಿ. ದೈವಕ್ಕೆ ಹುಟ್ಟಿನ ಕಥೆ ಬೇಕು. ತುಳುನಾಡಿನ ಪಾಡ್ದನಗಳು ಮಾಡುವುದೇ ಅದನ್ನು: ದೈವ ಎಲ್ಲಿ ಹುಟ್ಟಿತು, ಎಲ್ಲಿಂದ ಎಲ್ಲಿಗೆ ಸಂಚರಿಸಿತು, ಎಲ್ಲಿ ನೆಲೆ ನಿಂತಿತು ಎಂದು ಹಾಡಿದರೆ ಭಕ್ತಿ ಗಟ್ಟಿಯಾಗುತ್ತದೆ. ಕೈಮುಗಿಯುವವನಿಗೆ ಎದುರಿಗಿರುವುದು ಯಾರೆಂದು ಗೊತ್ತಿರಬೇಕು. ಓಡಿಹೋಗುವವನಿಗೆ ಗೊತ್ತಿರಬಾರದು.

ಈ ವಾರ ಬಿಗಿನಿಂಗ್ ಮತ್ತು ಡೊಮಿನಿಯನ್ ಎರಡನ್ನೂ ದೃಶ್ಯ ದೃಶ್ಯವಾಗಿ ತೂಗಿ ನೋಡುವುದಾಗಿ ಹೇಳಿದ್ದೆ. ಅದನ್ನು ಬಿಟ್ಟು ಸದ್ದಿನ ವಿಷಯ ಹೇಳುತ್ತೇನೆ, ಅದೇ ಮುಖ್ಯ. ನಮ್ಮ ಕುಳಗಿ ಕಾಡಿನಲ್ಲಿ ಅರಣ್ಯ ಇಲಾಖೆಯ ನೇಚರ್ ಕ್ಯಾಂಪಿಗೆ ಬರುವವರು ರಾತ್ರಿ ಟೆಂಟಿನ ಹೊರಗೆ ಹರಟುತ್ತ ಕೂತಿರುತ್ತಾರೆ. ಕಾಡಿನೊಳಗಿಂದ ಕಡವೆ ಒಮ್ಮೆ ಕೂಗುತ್ತದೆ, ತಗಡಿಗೆ ಬಡಿದಂಥ ಒಂದೇ ಕೂಗು. ಹರಟೆ ನಿಲ್ಲುತ್ತದೆ. ಎರಡನೆಯ ಕೂಗು ಬಂದರೆ ಸ್ವಲ್ಪ ಹತ್ತಿರ ಬಂದಂತಿರುತ್ತದೆ. ವಾಚರ್ ಟಾರ್ಚ್ ನೆಲಕ್ಕೆ ಹಿಡಿದು "ಒಳಗ ನಡೀರಿ ಸರ್" ಎನ್ನುತ್ತಾನೆ. ಹುಲಿಯೋ ಚಿರತೆಯೋ ಕರಿಚಿರತೆಯೋ, ಅವನೂ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ.

ಫ್ರೀಡ್ಕಿನ್ ನಿರ್ದೇಶಿಸಿದ ಮೂಲ 'ಎಕ್ಸಾರ್ಸಿಸ್ಟ್' ಆಸ್ಕರ್ ಗೆದ್ದ ಎರಡು ವಿಭಾಗಗಳಲ್ಲಿ ಧ್ವನಿಯೂ ಒಂದು, ಇನ್ನೊಂದು ಬ್ಲ್ಯಾಟಿ ಬರೆದ ಚಿತ್ರಕಥೆ. ಮಹಡಿಯ ಮೇಲೆ ಏನೋ ಪರಚುವ ಸದ್ದು, ಇಲಿ ಇರಬೇಕು ಎಂಬ ತಾಯಿಯ ಸಮಾಧಾನ: ಮುಂದಿನ ಅನಾಹುತಕ್ಕೆಲ್ಲ ಅಲ್ಲಿಯೇ ತಳಪಾಯ. ಹಾರ್ಲಿನ್ ಚಿತ್ರದಲ್ಲಿ ಪ್ರತಿ ಬಾಗಿಲಿಗೂ ಒಂದು ಧಡಾರ್. ನಮ್ಮ ಡಿಟಿಎಸ್ ಮಿಕ್ಸಿಂಗ್ ಮಾಡುವ ತರುಣರಿಗೆ ನನ್ನ ಒತ್ತಾಯದ ಬೇಡಿಕೆ ಒಂದೇ: ದೆವ್ವ ಬರುವ ಮೊದಲು ಎಲ್ಲ ಟ್ರ್ಯಾಕ್‌ಗಳನ್ನು ಇಳಿಸಿ, ಒಂದು ಸದ್ದನ್ನು ಮಾತ್ರ ಉಳಿಸಿ, ಅದು ಎಲ್ಲಿಂದ ಬಂತೆಂದು ತೋರಿಸಬೇಡಿ.

ಎರಡು ಪ್ರೀಕ್ವೆಲ್‌ಗಳಲ್ಲಿ ಒಂದನ್ನು ನೋಡಲೇಬೇಕೆನ್ನುವವರು ಡೊಮಿನಿಯನ್ ನೋಡಿ. ನಾಜಿ ಅಧಿಕಾರಿಯ ಎದುರು ಮೆರಿನ್ ಊರವರನ್ನು ಕಾಯಲಾಗದೆ ನಿಲ್ಲುವ ಮೊದಲ ದೃಶ್ಯ ನಿಜಕ್ಕೂ ದೊಡ್ಡದು. ಮುಂದಿನ ವಾರ 1979ರ 'ನಾ ನಿನ್ನ ಬಿಡಲಾರೆ', ಅದರಲ್ಲಿ ಲಕ್ಷ್ಮಿಯವರ ಪಾತ್ರದ ಬಗ್ಗೆ.