'ಮತ್ತು', 'ಅಥವಾ', 'ಆದರೆ'

ಕಂಪ್ಯೂಟರ್ ಆಟಗಳ ಬಗ್ಗೆ ನಾವು ದೊಡ್ಡವರು ಬಾಯಿ ತೆರೆಯುವುದು ಹೆಚ್ಚಾಗಿ ಬೈಯುವುದಕ್ಕೆ. ಕಣ್ಣು ಹಾಳು, ಓದು ಹಾಳು ಎನ್ನುತ್ತೇವೆ. ಒಂದು ಸಿನಿಮಾವನ್ನೋ ಕಥಾಸಂಕಲನವನ್ನೋ ಒರೆಗೆ ಹಚ್ಚುವಂತೆ ಆಟವನ್ನೂ ಒರೆಗೆ ಹಚ್ಚಬಹುದೆಂದು ನನಗೂ ಅನಿಸಿರಲಿಲ್ಲ. ರಜೆಗೆ ಬಂದ ಅಕ್ಕನ ಮಗ, "ಮಾಮೂ, ಇದರಲ್ಲಿ ಮುಳುಗುವವರನ್ನು ಕಾಪಾಡಬೇಕು, ಬನ್ನಿ" ಎಂದು ಪಕ್ಕದಲ್ಲಿ ಕೂರಿಸಿಕೊಂಡಾಗ ಆ ಅಭಿಪ್ರಾಯ ಬದಲಾಯಿತು.

ಆಟದ ಹೆಸರು 'ಸ್ಟಾರ್ಮ್‌ವರ್ಕ್ಸ್: ಬಿಲ್ಡ್ ಅಂಡ್ ರೆಸ್ಕ್ಯೂ'. ತಯಾರಿಸಿದ್ದು ಬ್ರಿಟನ್ನಿನ ಜಿಯೋಮೆಟಾ ಸಂಸ್ಥೆ. 2018ರಲ್ಲಿ ಅರೆಬೆಂದ ರೂಪದಲ್ಲಿ ಆಟಗಾರರ ಕೈಸೇರಿ, 2020ರಲ್ಲಿ ಪೂರ್ಣಗೊಂಡಿತು. ಗಾಳಿ, ಮಳೆ, ಮಂಜು, ಅಲೆಗಳಿರುವ ಸಮುದ್ರ. ಅದರ ನಡುವೆ ಆಟಗಾರನ ಪುಟ್ಟ ನೆಲೆ. ದೋಣಿ, ಹೆಲಿಕಾಪ್ಟರ್, ಜಲಾಂತರ್ಗಾಮಿಗಳನ್ನು ಅವನೇ ತುಂಡು ತುಂಡಾಗಿ ಜೋಡಿಸಬೇಕು. ಜೋಡಿಸಿದರಷ್ಟೇ ಸಾಲದು, ಯಾವ ಭಾಗ ಯಾವಾಗ ಕೆಲಸ ಮಾಡಬೇಕೆಂಬ ತರ್ಕವನ್ನೂ ಅವನೇ ಹೆಣೆಯಬೇಕು. ಈ ಆಟದ ಜೀವ ಇರುವುದು ಅಲ್ಲಿ.

ಅದಕ್ಕೆಂದೇ ಮೈಕ್ರೋಕಂಟ್ರೋಲರ್ ಎಂಬ ಪೆಟ್ಟಿಗೆಯೊಂದಿದೆ. ಅದರೊಳಗೆ 'ಮತ್ತು', 'ಅಥವಾ', 'ಅಲ್ಲ' ಎಂಬ ಗೇಟುಗಳು. ವೇಗ, ಎತ್ತರ, ವಾಲಿಕೆ, ದೂರಗಳನ್ನು ಅಳೆಯುವ ಸೆನ್ಸರ್‌ಗಳು ಕಳಿಸುವ ಅಂಕಿಗಳು 'ಹೌದು' ಅಥವಾ 'ಇಲ್ಲ' ಆಗಿ ಬದಲಾಗಿ ಈ ಗೇಟುಗಳ ಮೂಲಕ ಹಾದುಹೋಗುತ್ತವೆ. ಇನ್ನೂ ಬೇಕೆಂದವರು ಲುವಾ ಎಂಬ ಭಾಷೆಯಲ್ಲಿ ಪ್ರೋಗ್ರಾಮನ್ನೇ ಬರೆದು ಹಾಕಬಹುದು. ಇಂಗ್ಲೆಂಡಿನ ಜಾರ್ಜ್ ಬೂಲ್ 1854ರ ತನ್ನ ಪುಸ್ತಕದಲ್ಲಿ ಮನುಷ್ಯನ ಯೋಚನೆಯನ್ನು ಬೀಜಗಣಿತವಾಗಿ ಬರೆದ. 1937ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಅದೇ ಗಣಿತವನ್ನು ವಿದ್ಯುತ್ ಸ್ವಿಚ್ಚುಗಳಲ್ಲಿ ನಡೆಸಬಹುದೆಂದು ತೋರಿಸಿದ. ಅವರಿಬ್ಬರ ಹೆಸರು ಕೇಳದ ಹುಡುಗನೊಬ್ಬ ಇಂದು ಆ ದಾರಿಯಲ್ಲೇ ನಡೆದು ದೋಣಿ ಕಟ್ಟುತ್ತಾನೆ.

ನಮ್ಮ ಹುಡುಗನ ದೋಣಿಯ ಕಥೆ ಹೇಳುತ್ತೇನೆ. ಮುಂಭಾಗದಲ್ಲಿ ಜನರನ್ನು ಹತ್ತಿಸಿಕೊಳ್ಳಲು ಅಗಲವಾದ ಬಾಗಿಲು. ಗುಂಡಿ ಒತ್ತಿದಾಗ, ದೋಣಿಯ ವೇಗವೂ ಕಡಿಮೆ ಇದ್ದರೆ ಮಾತ್ರ, ಅದು ತೆರೆಯಬೇಕು. ಇಲ್ಲಿ ಬೇಕಾದದ್ದು 'ಮತ್ತು' ಗೇಟು. ಅವನು ಹಾಕಿದ್ದು 'ಅಥವಾ'. ದಡದಲ್ಲಿ ಪರೀಕ್ಷಿಸಿದಾಗ ತಪ್ಪು ಕಾಣಲಿಲ್ಲ. ನಿಂತ ದೋಣಿಯ ಬಾಗಿಲು ತೆರೆದಿತ್ತು, ಅವನಿಗೆ ಬೇಕಾಗಿದ್ದೂ ಅದೇ. ಹೊರಟು ವೇಗ ಹಿಡಿದಾಗ ತಾನಾಗಿ ಮುಚ್ಚಿಕೊಂಡಿತು. ಹುಡುಗ ಹಿಗ್ಗಿದ. ಬಿರುಗಾಳಿಯಲ್ಲಿ, ಮುಳುಗುತ್ತಿದ್ದವರ ಹತ್ತಿರ ಹೋಗಿ ವೇಗ ತಗ್ಗಿಸಿದ್ದೇ ತಡ, ಯಾರೂ ಗುಂಡಿ ಒತ್ತದಿದ್ದರೂ ಬಾಗಿಲು ತೆರೆಯಿತು. ಸಮುದ್ರ ಒಳನುಗ್ಗಿತು. ಕಾಪಾಡಲು ಹೋದ ದೋಣಿ ಅವರಿಗಿಂತ ಮೊದಲೇ ತಳ ಸೇರಿತು.

"ಬಾಗಿಲು ಕೈಕೊಟ್ಟಿತು ಮಾಮೂ" ಎಂದ. ಕೈಕೊಟ್ಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತ್ತು. ನಮ್ಮ ಮಾತಿನಲ್ಲಿ 'ಮತ್ತು', 'ಅಥವಾ' ಅದಲು ಬದಲಾದರೂ ಕೇಳುವವರು ಸರಿಪಡಿಸಿಕೊಂಡು ಅರ್ಥಮಾಡಿಕೊಳ್ಳುತ್ತಾರೆ. ಆ ಔದಾರ್ಯ ಯಂತ್ರಕ್ಕಿಲ್ಲ. ತಪ್ಪನ್ನು ಯಂತ್ರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಈ ಆಟ ಬಿಡುವುದಿಲ್ಲ. ಅದರ ದೊಡ್ಡ ಗುಣ ಇದೇ ಎಂದು ನನ್ನ ಭಾವನೆ.

ಇನ್ನೊಂದು ಗುಣ ನೆನಪಿಗೆ ಸಂಬಂಧಿಸಿದ್ದು. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪನ್ನು ಒಂದೇ ಮಟ್ಟಕ್ಕೆ ಕಟ್ಟಿದರೆ, ನೀರು ತುಳುಕಿದಾಗಲೆಲ್ಲ ಅದು ಹೊತ್ತಿ ಆರುತ್ತದೆ. ಲ್ಯಾಚ್ ಎಂಬ ಗೇಟು ಹಾಕಿದರೆ, ಮೇಲಿನ ಮಟ್ಟ ಮುಟ್ಟಿದಾಗ ಶುರುವಾದದ್ದು ಕೆಳಗಿನ ಮಟ್ಟಕ್ಕೆ ಇಳಿಯುವ ತನಕ ನಿಲ್ಲುವುದಿಲ್ಲ. ಹಿಂದೆ ಕೊಟ್ಟ ಮಾತನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಕೊರತೆಗಳೂ ಇವೆ. ಇಷ್ಟು ಸೂಕ್ಷ್ಮವಾದ ತರ್ಕವನ್ನು ಮುಂದಿಟ್ಟ ಆಟ ಅದನ್ನು ಕಲಿಸುವುದರಲ್ಲಿ ಜಿಪುಣ, ಹೊಸಬ ತಿಣುಕಾಡಬೇಕು. ಬೇಸತ್ತವನು ಬೇರೆಯವರು ಮಾಡಿಟ್ಟ ಪೆಟ್ಟಿಗೆಯನ್ನು ಸ್ಟೀಮ್ ವರ್ಕ್‌ಶಾಪ್‌ನಿಂದ ಇಳಿಸಿಕೊಂಡು ತನ್ನ ದೋಣಿಗೆ ಸಿಕ್ಕಿಸುತ್ತಾನೆ. ದೋಣಿ ಓಡುತ್ತದೆ, ಯಾಕೆ ಓಡುತ್ತದೆಂದು ಗೊತ್ತಿರುವುದಿಲ್ಲ. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಆಟದೊಳಗಿನ ಮನುಷ್ಯರು. ಪಂಪಿಗೂ ನೆನಪು ಕೊಟ್ಟ ಆಟ, ಮುಳುಗುವವನಿಗೆ ಒಂದು ಬದುಕನ್ನು ಕೊಟ್ಟಿಲ್ಲ. ದಡ ಸೇರಿಸಿದರೆ ಹಣ ಬರುತ್ತದೆ, ಅಷ್ಟೇ. ಕಥೆ ಬರೆಯುವವನಿಗೆ ಇದು ಸಣ್ಣ ಕೊರತೆಯಲ್ಲ.

ಆದರೂ ಆ ಪೆಟ್ಟಿಗೆಯಿಂದ ಕಥೆಗಾರ ಕಲಿಯುವುದೊಂದಿದೆ. ಅಲ್ಲಿ 'ಆದರೆ' ಎಂಬ ಗೇಟಿಲ್ಲ. ಉರ್ದುವಿನ 'ಮಗರ್', ಕನ್ನಡದ 'ಆದರೆ' ಇಲ್ಲದೆ ನಾನು ಒಂದು ಪುಟವನ್ನೂ ಬರೆದವನಲ್ಲ. "ಅವನು ಬಡವ, ಆದರೆ ಪ್ರಾಮಾಣಿಕ" ಎಂದು ಎಷ್ಟು ಸಲೀಸಾಗಿ ಬರೆಯುತ್ತೇವೆ! ಆ ಪೆಟ್ಟಿಗೆಗೆ ಇದನ್ನು ಒಪ್ಪಿಸಿದರೆ ಉಳಿಯುವುದು "ಬಡವ ಮತ್ತು ಪ್ರಾಮಾಣಿಕ" ಎಂದಷ್ಟೇ. ತರ್ಕದ ಲೆಕ್ಕದಲ್ಲಿ ಎರಡೂ ಒಂದೇ. ಹಾಗಾದರೆ 'ಆದರೆ' ಹೊತ್ತು ತಂದದ್ದು ಏನು? ಬಡವ ಪ್ರಾಮಾಣಿಕನಾಗಿರಲಾರ ಎಂಬ ನಮ್ಮ ಗುಮಾನಿಯನ್ನು ತಾನೆ?

ಹುಡುಗ ಗೇಟು ಬದಲಿಸಿ ಮತ್ತೆ ಸಮುದ್ರಕ್ಕೆ ಹೊರಟ. ಈ ಸಲ ಬಾಗಿಲು ಅವನು ಹೇಳಿದಾಗಲೇ ತೆರೆಯಿತು, ಮೂವರು ದಡ ಸೇರಿದರು. ನಾನು ಅರ್ಧಕ್ಕೆ ನಿಂತಿದ್ದ ನನ್ನ ಕಥೆಯನ್ನು ತೆಗೆದು, ಅದರಲ್ಲಿದ್ದ 'ಆದರೆ'ಗಳನ್ನು ಒಂದೊಂದಾಗಿ ನೋಡುತ್ತ ಕುಳಿತೆ. ಕೆಲವು ಉಳಿದವು. ಕೆಲವನ್ನು ಹೊಡೆದು ಹಾಕಿದೆ.