ಇಂಗ್ಲಿಷ್ ಕಲಿಸುವ ಕನ್ನಡ ಕೈಪಿಡಿಗಳಲ್ಲಿ ಕಾಲವಿಚಾರ

ಕನ್ನಡದ ಮೂಲಕ ಇಂಗ್ಲಿಷನ್ನು ಕಲಿಸುವ ಕೈಪಿಡಿಗಳನ್ನು ವಿಮರ್ಶೆಗೆ ಯೋಗ್ಯವಾದ ವಾಙ್ಮಯವೆಂದು ವಿದ್ವಾಂಸರು ಎಣಿಸಿದ್ದು ವಿರಳ. ಆದರೂ ಇವುಗಳಷ್ಟು ಆಸೆಯಿಂದ ಓದಲ್ಪಡುವ ಪುಸ್ತಕಗಳು ಬಹಳವಿರಲಾರವು. ಬೆಂಗಳೂರಿನ ಪೂರ್ವದಿಕ್ಕಿನಲ್ಲಿರುವ ದೊಡ್ಡನೆಕ್ಕುಂದಿಯು ಹಿಂದೆ ಕೆರೆಯೊಡನೆ ಬೆಳೆದ ಹಳ್ಳಿ. ಈಗ ಅಲ್ಲಿ ಕೈಗಾರಿಕಾ ಪ್ರದೇಶವಿದೆ, ಸಮೀಪದ ಹೊರವರ್ತುಲ ರಸ್ತೆಯ ಉದ್ದಕ್ಕೂ ತಂತ್ರಾಂಶದ ಕಚೇರಿಗಳಿವೆ. ಕನ್ನಡ ಶಾಲೆಯಲ್ಲಿ ಓದಿ ಅಂಥ ಕಡೆಗೆ ಕೆಲಸವನ್ನರಸಿ ಬರುವ ತರುಣನ ಅನ್ನವನ್ನು ಸಂದರ್ಶನದ ಹತ್ತು ನಿಮಿಷಗಳೇ ನಿರ್ಣಯಿಸುವುದುಂಟು. ಅಲ್ಲಿ ಅವನು ತಪ್ಪಿದರೆ ಅಪವಾದವು ಅವನ ಮಾತೃಭಾಷೆಯ ಮೇಲೆ ಬೀಳುತ್ತದೆ. ದೋಷವು ನಿಜವಾಗಿ ಕನ್ನಡದ್ದೋ, ಕೈಪಿಡಿಯದೋ ಎಂಬುದು ವಿಚಾರಾರ್ಹವಾಗಿದೆ.

ಈ ಕೈಪಿಡಿಗಳಲ್ಲಿ ಬಹುತೇಕ ಎಲ್ಲವೂ ಹನ್ನೆರಡು ಮನೆಗಳ ಒಂದು ಪಟ್ಟಿಯಿಂದ ಕ್ರಿಯಾಪ್ರಕರಣವನ್ನು ಆರಂಭಿಸುತ್ತವೆ. ಭೂತ, ವರ್ತಮಾನ, ಭವಿಷ್ಯತ್ತೆಂಬ ಮೂರು ಕಾಲಗಳನ್ನು ನಾಲ್ಕು ಅವಸ್ಥೆಗಳಿಂದ ಗುಣಿಸಿದರೆ ಈ ಸಂಖ್ಯೆ ದೊರೆಯುತ್ತದೆ. ವಸ್ತುತಃ ಇಂಗ್ಲಿಷ್ ಧಾತುವು ಪ್ರತ್ಯಯದಿಂದ ತೋರಿಸುವ ಕಾಲಗಳು ಎರಡೇ. ಉಳಿದುದೆಲ್ಲವೂ ಸಹಾಯಕ ಕ್ರಿಯೆಗಳ ಜೋಡಣೆ. ಇದನ್ನು ಮರೆಮಾಡುವ ಪಟ್ಟಿಯು ಪ್ರತಿಯೊಂದು ಮನೆಯ ಎದುರಿಗೂ ಒಂದು ಕನ್ನಡ ರೂಪವನ್ನು ನಿಲ್ಲಿಸಬೇಕಾಗಿ ಬಂದು, ಯಾರ ಬಾಯಲ್ಲಿಯೂ ಇಲ್ಲದ ಕನ್ನಡವನ್ನು ನಿರ್ಮಿಸುತ್ತದೆ. ಕೇಶಿರಾಜನು ದ, ದಪ, ವ ಎಂಬ ಪ್ರತ್ಯಯಗಳಿಂದ ಮೂರು ಕಾಲಗಳನ್ನು ಬಿಡಿಸಿ ತೋರಿಸಿದುದು ಹದಿಮೂರನೆಯ ಶತಮಾನದಲ್ಲಿ. ಇಂದಿನ ಆಡುಮಾತಿನಲ್ಲಿ ‘ಹೋಗುತ್ತೇನೆ’ ಎಂಬ ಒಂದೇ ರೂಪವು ದಿನದಿನದ ರೂಢಿಗೂ ನಾಳೆಯ ಸಂಕಲ್ಪಕ್ಕೂ ಸಲ್ಲುತ್ತದೆ. ಹಿಂದಿಯಲ್ಲಿ ಹಾಗಲ್ಲ, ಅಲ್ಲಿ ಭವಿಷ್ಯತ್ತಿಗೆ ಬೇರೆ ರೂಪವುಂಟು. ಹಿಂದಿಯವರಿಗೆ ಹೊಂದುವ ಅಚ್ಚಿನಲ್ಲಿಯೇ ಕನ್ನಡವನ್ನು ಎರೆದಾಗ ‘ಹೋಗುವೆನು’, ‘ಹೋಗುತ್ತಿರುವೆನು’ ಎಂಬ ಗ್ರಾಂಥಿಕ ರೂಪಗಳು ಮನೆ ತುಂಬಿಸಲು ಬರುತ್ತವೆ. ಓದುಗನು ಇಂಗ್ಲಿಷಿಗೆ ಮೊದಲು ಈ ಕನ್ನಡವನ್ನೇ ಕಲಿಯಬೇಕಾಗುವುದು ವಿಚಿತ್ರವಾದ ಶಿಕ್ಷೆ!

ಇದಕ್ಕಿಂತ ಹೆಚ್ಚಿನ ಹಾನಿಯು ಭೂತಕಾಲದ ಪ್ರಕರಣದಲ್ಲಿದೆ. ‘ನಾನು ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ರೈಲು ಹೊರಟುಹೋಗಿತ್ತು’ ಎಂಬ ಜಾತಿಯ ವಾಕ್ಯವನ್ನು ಕೊಟ್ಟು, ‘ಹ್ಯಾಡ್’ ಎಂಬುದು ಕನ್ನಡದ ‘ಇತ್ತು’, ‘ಇದ್ದೆ’ಗಳಿಗೆ ಸಮಾನವೆಂದು ಹೇಳಿ ಮುಂದೆ ಸಾಗುವುದು ರೂಢಿ. ಎರಡು ಭಾಷೆಗಳೂ ಕೂಡುವ ಸ್ಥಳವನ್ನು ಮಾತ್ರ ತೋರಿಸಿ, ಅಗಲುವ ಸ್ಥಳವನ್ನು ಬಿಟ್ಟಿರುವುದೇ ಇಲ್ಲಿನ ಲೋಪ. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಎಂದು ಕನ್ನಡಿಗನು ಸಹಜವಾಗಿ ನುಡಿಯುತ್ತಾನೆ. ಬಂದದ್ದೂ ಆಯಿತು, ಬಂದು ಇದ್ದುದೂ ಮುಗಿಯಿತು, ಹಿಂದಿರುಗಿಯೂ ಆಯಿತು ಎಂಬಷ್ಟು ಅರ್ಥವನ್ನು ಆ ‘ಇದ್ದೆ’ ಹೊತ್ತಿದೆ; ‘ಬಂದೆ’ ಎಂದರೆ ಬಂದವನು ಇನ್ನೂ ಇಲ್ಲಿಯೇ ಇದ್ದಾನೆಂಬ ಭಾವವೂ ಬರಬಹುದು. ಕೈಪಿಡಿಯನ್ನು ನಂಬಿದ ಶಿಷ್ಯನು ‘ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಯೆಸ್ಟರ್ಡೇ’ ಎನ್ನುತ್ತಾನೆ. ಇಂಗ್ಲಿಷಿನ ಆ ರೂಪಕ್ಕೆ ಅನಂತರ ನಡೆದ ಇನ್ನೊಂದು ಭೂತಕ್ರಿಯೆಯ ಅಪೇಕ್ಷೆಯುಂಟು. ಅದಿಲ್ಲದಾಗ ‘ಕೇಮ್’ ಸಾಕು. ಹಾಗೆಯೇ ‘ಹೋದ ವರ್ಷ ಈ ಪುಸ್ತಕವನ್ನು ಓದಿದ್ದೇನೆ’ ಎಂಬುದು ಕನ್ನಡದಲ್ಲಿ ನಿರ್ದುಷ್ಟ. ಇಂಗ್ಲಿಷಿನ ‘ಹ್ಯಾವ್ ರೆಡ್’ ಎಂಬುದು ‘ಹೋದ ವರ್ಷ’ದಂಥ ಮುಗಿದ ಕಾಲದ ಹೆಸರನ್ನು ಸಹಿಸದು. ಇವು ಶಿಷ್ಯನ ಅಜ್ಞಾನದ ಫಲಗಳಲ್ಲ, ಕನ್ನಡದ ಬಡತನವೂ ಅಲ್ಲ. ಕನ್ನಡವು ‘ಇರು’ ಧಾತುವಿನಿಂದ ಮಾಡುವ ಸೂಕ್ಷ್ಮವಾದ ಕೆಲಸವನ್ನು ವಿವರಿಸದೆ, ಅದನ್ನು ಬರಿಯ ಸಮಾನಪದವಾಗಿ ಬಳಸಿದ ಪುಸ್ತಕದ ಫಲಗಳು.

ಇದಕ್ಕೆ ಪ್ರತಿಯಾಗಿ, ಕನ್ನಡವೇ ದಾರಿ ತೋರಬಲ್ಲ ಕಡೆಯಲ್ಲಿ ಕೈಪಿಡಿಗಳು ಮೌನವಾಗಿವೆ. ‘ಡಿಡ್ ನಾಟ್ ಕೇಮ್’ ಎಂಬ ತಪ್ಪನ್ನು ತಿದ್ದಲು ಒಂದು ನಿಯಮವನ್ನು ಬಾಯಿಪಾಠ ಮಾಡಿಸುತ್ತಾರೆ. ‘ಬರಲಿಲ್ಲ’ ಎಂಬ ಪದವನ್ನು ಬಿಡಿಸಿದ್ದರೆ ನಿಯಮವೇ ಬೇಕಿರಲಿಲ್ಲ: ಬರಲ್ ಎಂಬ ಭಾವರೂಪದ ಮುಂದೆ ಇಲ್ಲ. ಭೂತಕಾಲದ ನಿಷೇಧದಲ್ಲಿ ಕನ್ನಡವೂ ‘ಬಂದ’ ಎಂಬ ಭೂತರೂಪವನ್ನು ಮುಟ್ಟುವುದಿಲ್ಲ. ‘ಬಂದಲಿಲ್ಲ’ ಎಂದು ಮಗುವೂ ನುಡಿಯದು. ‘ಕಮ್’ ಎಂಬುದು ಈ ‘ಬರಲ್’ನ ಸ್ಥಾನದಲ್ಲಿ ನಿಂತಿದೆ ಎಂದರೆ ತರಗತಿಗೆ ಒಂದೇ ಕ್ಷಣದಲ್ಲಿ ಬೆಳಕು ಬೀಳುತ್ತದೆ. ಕನ್ನಡವನ್ನು ಕಲಿಯಬಯಸಿದ ಯುರೋಪಿಯನ್ನರಲ್ಲಿ ಜಾನ್ ಮೆಕೆರೆಲ್ 1820ರಲ್ಲಿ ವ್ಯಾಕರಣವನ್ನು ಪ್ರಕಟಿಸಿದನು. ಕಿಟ್ಟೆಲ್ ತನ್ನ 1903ರ ವ್ಯಾಕರಣಕ್ಕೆ ಕೇಶಿರಾಜನನ್ನೇ ಆಶ್ರಯಿಸಿದನು. ಕನ್ನಡಿಗರಿಗೆ ಇಂಗ್ಲಿಷ್ ಕಲಿಸುವವರು ಮಾತ್ರ ಆ ಬಾಗಿಲನ್ನು ತಟ್ಟದಿರುವುದು ಸೋಜಿಗ.

ಶಬ್ದಪಟ್ಟಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಣ್ಣು, ಹಕ್ಕಿ, ನಂಟರ ಹೆಸರುಗಳನ್ನು ಸಾಲಾಗಿ ಜೋಡಿಸುವಲ್ಲಿ ಎಲ್ಲವೂ ಸಮಾನ. ಡ್ಯೂಟಿ, ಷಿಫ್ಟು, ಓವರ್‌ಟೈಮು ಎಂಬ ಮಾತುಗಳು ಕಾರ್ಖಾನೆಯ ಕೆಲಸಗಾರನ ಕನ್ನಡದಲ್ಲಿ ಆಗಲೇ ಸೇರಿವೆ. ಕನ್ನಡಕ್ಕೆ ಬಂದು ಅರ್ಥವನ್ನು ಬದಲಿಸಿಕೊಂಡ ಶಬ್ದಗಳದೇ ನಿಜವಾದ ತೊಡಕು: ತಿಂಡಿ ತಿನ್ನುವ ‘ಹೋಟೆಲು’, ಸಂಜೆ ಹೋಗಿಬಿಡುವ ‘ಕರೆಂಟು’. ಇಂಥವನ್ನು ಬೇರೆಯಾಗಿ ಗುರುತಿಸುವ ಪಟ್ಟಿಯು ಉಪಕಾರಕವಾದೀತು.

ಸಂಭಾಷಣಾಭಾಗದಲ್ಲಿ ‘ಪ್ಲೀಸ್’ಗೆ ‘ದಯವಿಟ್ಟು’ ಎಂಬ ಸಮಾನಪದವು ನಿಶ್ಚಿತವಾಗಿದೆ. ಆದರೆ ‘ನೀರು ಕೊಡಿ’ ಎಂದು ಕೇಳುವ ಕನ್ನಡಿಗನ ವಿನಯವು ಕ್ರಿಯಾಪದದ ಕೊನೆಯ ‘ಇ’ಕಾರದಲ್ಲಿಯೇ ಇದೆ, ಆತನು ಹೊಸಿಲು ದಾಟುವಾಗ ‘ಬರುತ್ತೇನೆ’ ಎನ್ನುತ್ತಾನೆ, ಹೋಗುತ್ತೇನೆ ಎನ್ನುವುದಿಲ್ಲ. ‘ಗಿವ್ ಮಿ ವಾಟರ್’ ಎಂದಾಗ ಅವನು ಒರಟನೆಂದು ಎಣಿಸಲ್ಪಡುವುದು ಆ ‘ಇ’ಕಾರಕ್ಕೆ ಇಂಗ್ಲಿಷ್ ಧಾತುವಿನಲ್ಲಿ ಸ್ಥಳವಿಲ್ಲದ ಕಾರಣದಿಂದ. ಆ ಸ್ಥಳವನ್ನು ‘ಪ್ಲೀಸ್’ ಅಥವಾ ‘ಕುಡ್ ಯು’ ತುಂಬುತ್ತದೆಂದು ಒಂದು ಸಾಲಿನಲ್ಲಿ ತಿಳಿಸಬಹುದಾಗಿತ್ತು. ಅದರ ಬದಲು ‘ದಯವಿಟ್ಟು ನನಗೆ ಒಂದು ಲೋಟ ನೀರನ್ನು ಕೊಡುವಿರಾ’ ಎಂಬ ವಾಕ್ಯವನ್ನು ಅಚ್ಚುಹಾಕಿದರೆ, ಅದನ್ನು ಕನ್ನಡವೆಂದು ಒಪ್ಪುವ ಮನೆಯು ದೊಡ್ಡನೆಕ್ಕುಂದಿಯಲ್ಲಿಯೂ ಸಿಕ್ಕಲಾರದು.