ಊರಿಲ್ಲದ ನಾಣ್ಯ, ಮನೆಯಿಲ್ಲದ ದೀಪ

ಬಾಗಲಕೋಟೆ ಜಿಲ್ಲೆಯಲ್ಲಿ ಹಳೆಯ ನಾಣ್ಯ, ಎಣ್ಣೆದೀಪ ಕೂಡಿಡುವವರಿಗೆ ನೆಲವೇ ಒತ್ತಾಸೆ. ಇಲ್ಲಿನ ಬಾದಾಮಿಯೇ ಚಾಲುಕ್ಯರ ರಾಜಧಾನಿಯಾಗಿತ್ತು. ಹುನಗುಂದ ಸೀಮೆಯ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಮುಂದೆ ವಿಜಯನಗರ, ಆದಿಲ್‌ಶಾಹಿ, ಮರಾಠರು, ಕಂಪನಿ ಸರಕಾರ ಒಬ್ಬರ ಹಿಂದೊಬ್ಬರು ಆಳಿದರು; ಮರಾಠರ ಕಾಲದಲ್ಲಿ ಬಾಗಲಕೋಟೆಯಲ್ಲೇ ಟಂಕಸಾಲೆ ಇತ್ತು. ಇಳಕಲ್ಲಿನ ಹಳೆಯ ಮನೆಯೊಂದರ ಡಬ್ಬಿಯಲ್ಲಿ ಮೂರು ರಾಜ್ಯಗಳ ದುಡ್ಡು ಒಟ್ಟಿಗೆ ಸಿಕ್ಕರೆ ಅಚ್ಚರಿಯಿಲ್ಲ. ಇಂಥ ಸಂಗ್ರಹವನ್ನು ತೂಗಲು ನನ್ನ ಬಳಿ ಇರುವ ಅಳತೆ ಒಂದೇ: ಪ್ರತಿ ವಸ್ತು ಯಾವ ಊರಿಂದ ಬಂತೆಂದು ಬರೆದಿಟ್ಟಿದ್ದಾರೆಯೇ?

ಈ ಹವ್ಯಾಸದ ಉಪಕಾರ ದೊಡ್ಡದು. ಹಿತ್ತಾಳೆಯ ಸಮೆ, ತೂಗುದೀಪ, ನೀಲಾಂಜನಗಳು ಕಿಲೋ ಲೆಕ್ಕದಲ್ಲಿ ಮಾರಾಟವಾಗಿ ಕರಗಿಹೋಗುವ ಕಾಲದಲ್ಲಿ ಅವನ್ನು ಕಾಸು ಕೊಟ್ಟು ಉಳಿಸಿದವರು ಸಂಗ್ರಾಹಕರೇ. ಪುಣೆಯ ದಿನಕರ ಕೇಳಕರ್ ಹೀಗೆಯೇ ಕೂಡಿಸಿದ ದೀಪಗಳು ಇಂದು ಒಂದು ವಸ್ತುಸಂಗ್ರಹಾಲಯದ ಹೆಮ್ಮೆಯಾಗಿವೆ. ಭಾರತದ ದೀಪಗಳ ಮೇಲೆ ಅವರು 1961ರಲ್ಲಿ ಪುಸ್ತಕವನ್ನೂ ಬರೆದರು.

ಗುರುತಿಸುವ ಕೆಲಸಕ್ಕೆ ಬಂದಾಗ ಮೆಚ್ಚುಗೆ ತುಸು ತಗ್ಗುತ್ತದೆ. ನಾಣ್ಯದ ಮೇಲೆ ವರಾಹ ಕಂಡಕೂಡಲೇ ಬಾದಾಮಿಯ ಪುಲಿಕೇಶಿಯ ಹೆಸರು ಹೇಳುವ ಆತುರ ನಮ್ಮಲ್ಲಿದೆ. ವೆಂಗಿಯ ಚಾಲುಕ್ಯ ರಾಜರಾಜ ನರೇಂದ್ರನ ಚಿನ್ನದಲ್ಲೂ ವರಾಹವಿದೆ, ಉತ್ತರದ ಪ್ರತೀಹಾರ ಭೋಜನ ಬೆಳ್ಳಿಯಲ್ಲೂ ಇದೆ. ಬಾದಾಮಿಯವರದೇ ಎಂದು ಗಟ್ಟಿಯಾಗಿ ಹೇಳಬಲ್ಲ ನಾಣ್ಯಗಳು ತೀರ ವಿರಳ. ತಾಮ್ರದ ಶಿವರಾಯಿಯ ಕಥೆಯೂ ಅಂಥದೇ. ಒಂದು ಬದಿಗೆ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿಗೆ ‘ಛತ್ರಪತಿ’ ಎಂದಿರುವ ಈ ದುಡ್ಡನ್ನು ಶಿವಾಜಿಯ ನಂತರವೂ ಬಹುಕಾಲ ಟಂಕಿಸಿದರು. ಅಕ್ಷರಗಳ ಮಾಟ, ಸುತ್ತಿನ ಚುಕ್ಕೆಗಳು, ತೂಕ ಇಷ್ಟನ್ನೂ ನೋಡದೆ ಕಾಲ ಹೇಳಬಾರದು. ಇನ್ನು 1818ರ ಇಸವಿ ಹೊತ್ತು, ರಾಮ ಹನುಮರ ಚಿತ್ರವಿರುವ ಕಂಪನಿಯ ‘ಒಂದಾಣೆ’ ಸಂಪೂರ್ಣ ಖೋಟಾ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಬ್ರಿಟಿಷರ ಒಂದಾಣೆ ನಾಣ್ಯ ಬಂದದ್ದು 20ನೇ ಶತಮಾನದಲ್ಲಿ. ಅದನ್ನು ಪ್ರದರ್ಶನದಲ್ಲಿ ಇಟ್ಟರೆ ನೋಡಲು ಬಂದ ಮಕ್ಕಳಿಗೆ ಸುಳ್ಳು ಕಲಿಸಿದಂತಾಗುತ್ತದೆ.

ದೀಪದ ಮೇಲೆ ರಾಜನ ಹೆಸರಿರುವುದಿಲ್ಲ, ಇಸವಿಯೂ ಅಪರೂಪ. ಅಲ್ಲಿ ಸವೆತವೇ ಸಾಕ್ಷಿ. ನಿಜವಾಗಿ ಉರಿದ ದೀಪದಲ್ಲಿ ಬತ್ತಿ ಇಡುವ ತುಟಿ ಕಪ್ಪಾಗಿರುತ್ತದೆ, ಎಣ್ಣೆಯ ಜಿಡ್ಡು ಕೆತ್ತನೆಯ ಸಂದಿಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ತೂಗುದೀಪದ ಸರಪಳಿಯ ಕೊಂಡಿಗಳು ಒಂದಕ್ಕೊಂದು ತಾಗುವ ಕಡೆಯಷ್ಟೇ ತೆಳುವಾಗಿರುತ್ತವೆ. ಆಮ್ಲ ಸವರಿ ಹಳೆಯದಾಗಿಸಿದ ದೀಪದ ಬಣ್ಣ ಮೇಲೆ ಕೆಳಗೆ ಒಂದೇ ಸಮ. ಇಷ್ಟು ಸಾಕ್ಷ್ಯವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಫಳಫಳ ಹೊಳೆಸುವುದು ಸಂಗ್ರಾಹಕ ತಾನೇ ಮಾಡುವ ಹಾನಿ. ತಾಮ್ರದ ನಾಣ್ಯದ ಕಾಲದ ಕಂದುಪದರವೂ ಹೀಗೆ ಹೋದರೆ ಮರಳಿ ಬಾರದು.

ಇದಕ್ಕಿಂತ ದೊಡ್ಡ ಕೊರತೆ ದಾಖಲೆಯದು. ಕಪಾಟಿನ ಚೀಟಿಯಲ್ಲಿ ‘ವಿಜಯನಗರ’ ಎಂದಿದ್ದರೆ ಪುಸ್ತಕ ಓದಿದವರಿಗೆಲ್ಲ ಗೊತ್ತಿರುವುದನ್ನೇ ಹೇಳಿದಂತಾಯಿತು. ಯಾವ ಊರಿನ ಯಾವ ಮನೆಯದು, ಯಾವ ಗುಡಿಯದು, ಜೊತೆಗೆ ಇನ್ನೇನಿತ್ತು ಎಂಬುದು ಕೊಟ್ಟವರ ನೆನಪಿನಲ್ಲಷ್ಟೇ ಇರುತ್ತದೆ. ಅದರಿಂದಲೇ ಯಾವ ದುಡ್ಡು ಯಾವ ಸಂತೆಯವರೆಗೆ ನಡೆಯಿತೆಂದು ತಿಳಿಯುವುದು.

ಈ ಜಿಲ್ಲೆಯಲ್ಲಿ ತಡಮಾಡುವಂತೆಯೂ ಇಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಕೃಷ್ಣಾ, ಘಟಪ್ರಭಾ ದಂಡೆಯ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಭಾಗವೂ ಹೋದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಚದುರಿದರು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದೆ. ಅದಾದರೆ ಇನ್ನಷ್ಟು ಊರು ಏಳಬೇಕು. ಮುಳುಗಿದ ಊರಿನ ಗುಡಿಯ ದೀಪಕ್ಕೆ ಆ ಊರಿನ ಹೆಸರೂ ಹೋದರೆ ಉಳಿಯುವುದು ಹಿತ್ತಾಳೆಯ ತೂಕ ಮಾತ್ರ.

ಸಂಗ್ರಾಹಕರು ಇಷ್ಟು ಮಾಡಲಿ: ಒಂದೊಂದು ವಸ್ತುವಿಗೆ ಒಂದು ಕಾಗದದ ಲಕೋಟೆ, ಅದರ ಮೇಲೆ ಊರು, ಬಂದ ದಿನ, ತೂಕ, ಅಗಲ, ಕೊಟ್ಟವರು ಹೇಳಿದ ಮಾತು. ಹೊಲದಲ್ಲಿ ನಿಧಿ ಸಿಕ್ಕರೆ ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಉಳಿಸುವ ಮನಸ್ಸು ಇವರಿಗೆ ಧಾರಾಳವಾಗಿದೆ. ಬರೆದಿಡುವ ಶಿಸ್ತೂ ಅದಕ್ಕೆ ಕೂಡಿದರೆ ಇಳಕಲ್, ಹುನಗುಂದಗಳ ಮನೆಯ ಕಪಾಟುಗಳು ಈ ಸೀಮೆಯ ಚರಿತ್ರೆ ಬರೆಯುವವರಿಗೆ ಆಕರಗಳಾಗುತ್ತವೆ. ಕೂಡದಿದ್ದರೆ ಅವು ಅಂದದ ಹಳೆಯ ಸಾಮಾನುಗಳಷ್ಟೇ.